ಒಂಬತ್ತನೆಯ ಹಾಡು

ಔಷಧಿ ಅಂಗಡಿಯ ಗಲ್ಲಾದ ಹಿಂದೆ ನಿಂತು ಕೆಮ್ಮಿನ ಸಿರಪ್ಪಿಗೆ ಬಿಲ್ಲು ಹಾಕುತ್ತಿದ್ದ ಮಗಳು ಫೋನು ನೋಡಿದವಳೇ "ಅಯ್ಯೋ!" ಎಂದಳು. ಆ ಅಯ್ಯೋ ಎಷ್ಟು ಜೋರಾಗಿತ್ತೆಂದರೆ, ಸಿರಪ್ಪು ಕೊಳ್ಳುತ್ತಿದ್ದ ಗಿರಾಕಿ ಬಾಟಲಿಯನ್ನು ತಿರುಗಿಸಿ ಅವಧಿ ಮುಗಿದಿದೆಯೇನೋ ಎಂದು ನೋಡಿದ. ಔಷಧಿಗೇನೂ ಆಗಿರಲಿಲ್ಲ. ಅಮ್ಮನ ಹಾಡುಗಳನ್ನು ಜನ ಏಳು ಲಕ್ಷಕ್ಕೂ ಹೆಚ್ಚು ಸಲ ಕೇಳಿದ್ದಾರೆ ಎಂದು ಫೋನು ಹೇಳುತ್ತಿತ್ತು, ಅಷ್ಟೆ.

ಅಷ್ಟೆ ಎಂದರೆ ಹೇಗೆ? ಹಾಡಿನ ಆ್ಯಪ್‌ನಿಂದ ಈವರೆಗೆ ಬಂದ ರಾಯಲ್ಟಿ ಲೆಕ್ಕಗಳಲ್ಲೆಲ್ಲ ಇದ್ದದ್ದು ದುಂಡಗಿನ ಸೊನ್ನೆ. ಮಗಳು ಬೆರಳಿಟ್ಟು ಅಂಕಿ ಎಣಿಸಿದಳು. ಫೋನು ಆರಿಸಿ, ಹೊತ್ತಿಸಿ, ಮತ್ತೆ ಎಣಿಸಿದಳು. ಕೊನೆಗೆ ಅಂಗಡಿಯ ಮಾಲೀಕರ ಮುಂದೆ ಹಿಡಿದು, "ಸರ್, ಇದೆಷ್ಟು ಓದಿ ನೋಡೋಣ" ಎಂದಳು. ಮಾಲೀಕರು ಕನ್ನಡಕ ಏರಿಸಿ ಓದಿ, "ಇಷ್ಟು ಮಾತ್ರೆ ಈ ಅಂಗಡಿ ಹುಟ್ಟಿದಾಗಿಂದ ಮಾರಿಲ್ಲ ಕಣಮ್ಮ" ಎಂದವರು ಕೇಳದೆಯೇ ಅರ್ಧ ದಿನ ರಜೆ ಕೊಟ್ಟರು. ಅವರು ರಜೆ ಕೊಟ್ಟದ್ದು ಅಂದಿನ ಎರಡನೆಯ ಆಘಾತ.

ಅಮ್ಮ ಹಾಡುಗಾರ್ತಿ ಎಂದು ಯಾರೂ ಒಪ್ಪಿರಲಿಲ್ಲ, ಅಮ್ಮನೂ ಸೇರಿ. ಮದುವೆಯಾದಾಗಿನಿಂದ ನಿವೃತ್ತಿಯವರೆಗೆ ಅವಳು ದುಡಿದದ್ದು ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ. ಅಲ್ಲಿನ ಯಂತ್ರಗಳ ಗದ್ದಲದಲ್ಲಿ ಅವಳು ಹಾಡಿದ್ದೇ ಹಾಡು. ಪಕ್ಕದವಳಿಗೂ ನೆಟ್ಟಗೆ ಕೇಳಿಸದು, ತುಟಿ ಆಡುವುದನ್ನು ನೋಡಿಯೇ ಅವರೆಲ್ಲ ಅವಳಿಗೆ "ರೇಡಿಯೋ" ಎಂದು ಹೆಸರಿಟ್ಟಿದ್ದರು. ಮನೆಗೆ ಬಂದರೆ ಬಾಯಿಗೆ ಬೀಗ. ಅಪ್ಪ ಕೈಗಡಿಯಾರ ರಿಪೇರಿ ಮಾಡುವವನು, ಕಿಟಕಿಯ ಪಕ್ಕದ ಮೇಜೇ ಅವನ ಅಂಗಡಿ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ಕೂತಾಗ ಯಾರಾದರೂ ಗುನುಗಿದರೆ ಅವನಿಗೆ ಕೈ ನಡುಗುತ್ತಿತ್ತು. "ಸ್ವಲ್ಪ ಸುಮ್ನಿರೇ" ಎನ್ನುತ್ತಿದ್ದ. ಕೆಟ್ಟವನೇನಲ್ಲ. ಹೊಡೆದವನಲ್ಲ, ಬೈದವನಲ್ಲ. ಆ ಒಂದು ಮಾತನ್ನೇ ದಿನಾ ಮೆತ್ತಗೆ ಹೇಳಿ ಹೇಳಿ ಒಬ್ಬಳ ಗಂಟಲು ಕಟ್ಟಿಬಿಟ್ಟಿದ್ದ.

ಅಪ್ಪ ತೀರಿಕೊಂಡ ಮೇಲೂ ಅಮ್ಮ ಬಹಳ ದಿನ ಹಾಡಲಿಲ್ಲ. ಒಂದು ಬೆಳಗ್ಗೆ ಪಾತ್ರೆ ತೊಳೆಯುತ್ತ ಒಂದು ಸಾಲು ಹಾಡಿದಳು. ಥಟ್ಟನೆ ನಿಲ್ಲಿಸಿ ಮೇಜಿನ ಕಡೆ ತಿರುಗಿ ನೋಡಿದಳು. ಅಲ್ಲಿಂದ ಯಾರೂ ಏನೂ ಅನ್ನಲಿಲ್ಲವಾದ್ದರಿಂದ ಇಡೀ ಹಾಡನ್ನು ಹಾಡಿದಳು. ಯಂತ್ರಗಳ ನಡುವೆ ನಿಂತು, ಇಸ್ತ್ರಿಯ ಆವಿಯ ಮೇಲೆ ತಾನೇ ಕಟ್ಟಿದ ಹಾಡು ಅದು. ಅಂಥವು ಎಂಟಿದ್ದವು. ಮಗಳು ಕೂಡಿಟ್ಟ ದುಡ್ಡಿನಲ್ಲಿ ಎಂಟನ್ನೂ ಧ್ವನಿಮುದ್ರಣ ಮಾಡಿಸಿ ಆ್ಯಪ್‌ಗೆ ಏರಿಸಿದಳು. ದುಡ್ಡಿನ ಆಸೆ ಅವಳಿಗೆ ಇರಲಿಲ್ಲ ಎಂದರೆ ಸುಳ್ಳಾದೀತು, ಆದರೆ ಅದಕ್ಕಿಂತ ದೊಡ್ಡದು ಒಂದು ಹೆದರಿಕೆ. ಅಮ್ಮನ ಗಂಟಲು ಈಗಷ್ಟೇ ಬಿಟ್ಟಿದೆ. ಇನ್ನೊಂದು ಸಲ ಯಾರಾದರೂ ಸುಮ್ಮನಿರು ಎಂದರೆ ಅದು ಮತ್ತೆ ತೆರೆಯುವುದಿಲ್ಲ. ಕೇಳುವವರಿದ್ದಾರೆ ಎಂದು ಗೊತ್ತಾದರೆ ಅಮ್ಮ ಹಾಡುತ್ತಲೇ ಇರುತ್ತಾಳೆ ಎಂಬುದು ಅವಳ ಲೆಕ್ಕ.

"ಅಮ್ಮಾ, ನಿನ್ನ ಹಾಡನ್ನ ಏಳು ಲಕ್ಷ ಸಲ ಕೇಳಿದಾರೆ!"

ಅಮ್ಮ ಅಡುಗೆಮನೆಯ ಕಟ್ಟೆಗೆ ಆತುಕೊಂಡಳು. "ಯಾರು?"

"ಜನ."

"ಯಾವ ಜನಾನೇ? ನನಗೆ ಅಷ್ಟೊಂದ್ ಜನ ಗೊತ್ತೇ ಇಲ್ವಲ್ಲೇ ಪುಟ್ಟಿ!" ನಲವತ್ತು ದಾಟಿದ ಮಗಳು ಅವಳಿಗೆ ಇನ್ನೂ ಪುಟ್ಟಿಯೇ. ಅಮ್ಮ ಕುರ್ಚಿಯ ಮೇಲೆ ಕೂತಳು, ಎದ್ದಳು, ಮತ್ತೆ ಕೂತಳು. ಆಮೇಲೆ ಮುಖ ತೊಳೆದು ಬಂದು, ಏಳು ಲಕ್ಷ ಜನ ಬಾಗಿಲಲ್ಲಿ ನಿಂತಿದ್ದಾರೇನೋ ಎಂಬಂತೆ ತಲೆ ಬಾಚಿಕೊಂಡಳು. "ಯಾವ ಹಾಡಂತೆ? ಆವಿ ಹಾಡೇ ಇರ್ಬೇಕು ನೋಡು. ತುಟಿ ಆಡೋದ್ ನೋಡೇ ಇಸ್ತ್ರಿ ವಿಭಾಗದೋರೆಲ್ಲ ಆವಾಗ್ಲೇ ಹೇಳಿದ್ರು, ಅದ್ರಲ್ಲೇನೋ ಇದೆ ಅಂತ."

ಸಂಜೆಯೊಳಗೆ ಇಡೀ ಬೀದಿಗೆ ಸುದ್ದಿ ಮುಟ್ಟಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುವಂತೆ, ಅಮ್ಮ ಮುಂದಿನ ಎಂಟು ಹಾಡುಗಳಿಗೆ ಹೆಸರನ್ನೂ ಇಟ್ಟಳು.

ಯಾವ ಹಾಡು ಎಂದು ಮಗಳು ನೋಡಿದ್ದು ಆಮೇಲೆ. ಆವಿ ಹಾಡನ್ನು ಕೇಳಿದ್ದು ಅರವತ್ತು ಚಿಲ್ಲರೆ ಸಲ. ಉಳಿದ ಏಳು ಹಾಡುಗಳದ್ದೂ ಅದೇ ಪಾಡು. ಹಾಗೆ ಕೇಳಿದವರಲ್ಲಿ ಮುಕ್ಕಾಲುಪಾಲು ತಾನೇ ಎಂದು ಅವಳಿಗೆ ಗೊತ್ತಿತ್ತು. ಅವುಗಳ ಕೆಳಗೆ ಒಂಬತ್ತನೆಯದೊಂದು ಇತ್ತು. ಹೆಸರು "ಕೋಣೆ". ಏಳು ಲಕ್ಷವೂ ಅದರ ಮುಂದೆಯೇ ಕೂತಿತ್ತು.

ಅಮ್ಮ ಕೋಣೆಯ ಮೇಲೆ ಹಾಡು ಕಟ್ಟಿರಲಿಲ್ಲ. ಮಗಳು ಅದನ್ನು ಒತ್ತಿದಳು. ಏನೂ ಬರಲಿಲ್ಲ. ಸದ್ದು ಏರಿಸಿದಳು, ಫೋನನ್ನು ಕಿವಿಗೆ ಒತ್ತಿಕೊಂಡಳು. ದೂರದಲ್ಲಿ ಯಾರೋ ಮಲಗಿ ಉಸಿರಾಡುತ್ತಿರುವ ಹಾಗೆ ಒಂದು ಸಣ್ಣ ಸುಯ್ಲು, ಅಷ್ಟೇ. ಯಾರದೋ ಕೆಟ್ಟುಹೋದ ಹಾಡು ಅಮ್ಮನ ಹೆಸರಿಗೆ ಬಂದಿದೆ, ನಾಳೆ ಅವರು ಬಂದು ಕುತ್ತಿಗೆಪಟ್ಟಿ ಹಿಡಿಯುತ್ತಾರೆ ಎಂದುಕೊಂಡು ಅರ್ಧ ನಿಮಿಷಕ್ಕೇ ಅದನ್ನು ಆರಿಸಿ, ಬೆಳಗಾಗುತ್ತಲೇ ಧ್ವನಿಮುದ್ರಣದವನ ಬಳಿ ಓಡಿದಳು.

ಅವನ ಕೋಣೆ ಟೈರು ಅಂಗಡಿಯ ಹಿಂದೆ. ಗೋಡೆಗೆಲ್ಲ ಹಳೆಯ ಹಾಸಿಗೆ ಹೊಡೆದು, ಬಾಗಿಲಿಗೆ ಕಂಬಳಿ ಇಳಿಬಿಟ್ಟಿದ್ದ. ಯಾರು ಒಳಗೆ ಬಂದರೂ ಬೆರಳನ್ನು ತುಟಿಗಿಟ್ಟು "ಉಶ್!" ಎನ್ನುತ್ತಿದ್ದುದರಿಂದ ವಾದ್ಯದವರೆಲ್ಲ ಅವನನ್ನು ಉಶ್ಶಪ್ಪ ಎನ್ನುತ್ತಿದ್ದರು. ಅಸಲಿ ಹೆಸರು ಅವನ ಹೆಂಡತಿಗಾದರೂ ನೆನಪಿತ್ತೋ ಇಲ್ಲವೋ.

ಉಶ್ಶಪ್ಪ "ಕೋಣೆ"ಯನ್ನು ಒಂದೆರಡು ಉಸಿರಿನಷ್ಟು ಹೊತ್ತು ಕೇಳಿ ತಲೆಯಾಡಿಸಿದ. "ಬೇರೆಯೋರದ್ದಲ್ಲ ಮಗಾ, ನಿಮ್ಮಮ್ಮಂದೇ. ಹಾಡು ಶುರು ಮಾಡೋಕ್ ಮುಂಚೆ ಹಾಡೋರನ್ನ ಮೈಕಿನ ಮುಂದೆ ಸುಮ್ನೆ ಕೂರಿಸಿ, ಕೋಣೆ ಸದ್ದು ಹಿಡ್ಕೋತೀನಿ. ಆಮೇಲೆ ಹಾಡಿನ ಮಧ್ಯೆ ಕೆಮ್ಮೋ ಕುರ್ಚಿ ಕಿರ್ ಅಂದಿದ್ದೋ ಇದ್ರೆ, ಅದನ್ನ ಕತ್ತರಿಸಿ ಇದನ್ನ ತೇಪೆ ಹಾಕೋದು. ತೇಪೆ ಅದೇ ಬಟ್ಟೇದಾದ್ರೆ ಗೊತ್ತಾಗಲ್ಲ ನೋಡು. ಕೋಣೆ ಅಂತ ನಾನೇ ಹೆಸರು ಹಾಕಿದ್ದೆ, ಹಾಡುಗಳ ಜೊತೆ ಅದೂ ಅಲ್ಲೇ ಉಳ್ಕೊಂಡಿತ್ತು. ಅದನ್ನೂ ಏರಿಸಿದ ಪುಣ್ಯಾತ್ಮ ಯಾರು?"

ಮಗಳು ಟೈರು ಅಂಗಡಿಯ ಕಡೆ ನೋಡಿದಳು. ಎಲ್ಲವನ್ನೂ ಒಟ್ಟಿಗೆ ಆರಿಸಿ ಒಂದೇ ಸಲ ಒತ್ತಿದ್ದವಳು ಅವಳೇ.

"ಹಾಗಾದ್ರೆ ಏಳು ಲಕ್ಷ ಸಲ ಕೇಳಿದ್ದು..."

"ನಿಮ್ಮಮ್ಮ ಸುಮ್ನೆ ಕೂತಿದ್ದನ್ನ." ಉಶ್ಶಪ್ಪ ಕಂಪ್ಯೂಟರಿನಲ್ಲಿ ಹುಡುಕಿ ತೋರಿಸಿದ. ಯಾರೋ ಎಲ್ಲಿಯೋ ನಿದ್ದೆ ಬರಿಸುವ ಸದ್ದುಗಳನ್ನೆಲ್ಲ ಒಂದು ಕಡೆ ಪೋಣಿಸಿದ್ದರು. ಮಳೆಯ ಸದ್ದು, ಫ್ಯಾನಿನ ಸದ್ದು, ರೈಲಿನ ಸದ್ದು, ಅವುಗಳ ನಡುವೆ ಅಮ್ಮ. "ಜನ ಇದನ್ನ ಹಾಕ್ಕೊಂಡು ಮಲಗ್ತಾರೆ. ಬೆಳಗಿನ ತನಕ ಸುತ್ತಿ ಸುತ್ತಿ ಬರ್ತಾ ಇರುತ್ತೆ. ಒಬ್ಬ ಮನುಷ್ಯ ಒಂದೇ ರಾತ್ರೀಲಿ ಎಷ್ಟು ಸಲ ಕೇಳ್ತಾನೋ ದೇವರಿಗೇ ಗೊತ್ತು."

ಮಗಳಿಗೆ ಕೂರಬೇಕೆನಿಸಿತು. ಕೂರಲು ಅಲ್ಲಿದ್ದದ್ದು ಮೈಕಿನ ಮುಂದಿನ ಕುರ್ಚಿ ಒಂದೇ. ಅದರ ಮೇಲೆ ಕೂರಲು ಅವಳಿಗೆ ಮನಸ್ಸಾಗಲಿಲ್ಲ. "ಹಾಡಿದ್ದಕ್ಕೆ ಸೊನ್ನೆ, ಸುಮ್ನಿದ್ದಿದ್ದಕ್ಕೆ ದುಡ್ಡಾ? ಇದ್ಯಾವ ನ್ಯಾಯ ಮಾಮ?"

"ನ್ಯಾಯ ಅಲ್ಲಮ್ಮ, ಲೆಕ್ಕ. ಜನ ಕಟ್ಟೋ ದುಡ್ಡು, ಜಾಹೀರಾತಿನ ದುಡ್ಡು ಎಲ್ಲಾ ಒಂದೇ ಹಂಡೆಗೆ ಸುರೀತಾರೆ ಅಂದ್ಕೋ. ಹೆಚ್ಚು ಕಮ್ಮಿ ಮೂರರಲ್ಲಿ ಒಂದ್ ಪಾಲು ಕಂಪನಿಯೋರು ಎತ್ಕೋತಾರೆ. ಉಳಿದಿದ್ದನ್ನ, ಆ ತಿಂಗಳು ಎಲ್ಲರೂ ಸೇರಿ ಎಷ್ಟು ಸಲ ಕೇಳಿದ್ರೋ ಅದಕ್ಕೆ ತಕ್ಕ ಹಾಗೆ ಹಂಚ್ತಾರೆ. ನಿನ್ನದನ್ನ ಹೆಚ್ಚು ಸಲ ಕೇಳಿದ್ರೆ ನಿನಗೆ ದೊಡ್ಡ ಸೌಟು."

"ಆದ್ರೆ ನಾನು ತಿಂಗಳು ತಿಂಗಳು ದುಡ್ಡು ಕಟ್ಟಿ ಅಮ್ಮನ್ನ ಬಿಟ್ಟು ಇನ್ನೊಬ್ಬರನ್ನ ಕೇಳಲ್ವಲ್ಲ. ನನ್ನ ದುಡ್ಡು ಅಮ್ಮಂಗೇ ತಾನೆ ಹೋಗ್ಬೇಕು?"

ಉಶ್ಶಪ್ಪ ಅವಳನ್ನು ಕನಿಕರದಿಂದ ನೋಡಿದ. "ಹಂಡೆಗೆ ಬಿದ್ದ ನೀರಿಗೆ ಯಾರ ಬಾವೀದು ಅಂತ ಗುರುತಿರುತ್ತಾ? ನಿನ್ನ ದುಡ್ಡು ನೀನು ಹೆಸರೂ ಕೇಳದೇ ಇರೋರಿಗೆ ಹೋಗಿರುತ್ತೆ. ಇನ್ನೊಂದಿದೆ. ಅರ್ಧ ನಿಮಿಷ ಓಡಿದ್ರೆ ಸಾಕು, ಅದು ಒಂದು ಸಲ ಕೇಳಿದ ಲೆಕ್ಕ. ಹಾಡೋ ಮೌನವೋ, ಪೂರ್ತಿ ಕೇಳಿದ್ರೋ ಗೊರಕೆ ಹೊಡೆದ್ರೋ ಅವರಿಗೆ ಬೇಕಿಲ್ಲ. ಬರೀ ಸದ್ದಿಗೆ ಕಮ್ಮಿ ಕೊಡ್ತೀವಿ ಅಂತ ಈಗೀಗ ಕೆಲವರು ಹೊರಟಿದಾರೆ, ಅದು ಬೇರೆ. ಆಮೇಲೆ ಈ ಕಂಪನೀಲಿ, ವರ್ಷಕ್ಕೆ ಸಾವಿರ ಸಲ ಕೇಳದ ಹಾಡಿಗೆ ಬಿಡಿಗಾಸೂ ಇಲ್ಲ. ಅದರ ಪಾಲು ಸಾವಿರ ದಾಟಿದೋರಿಗೆ ಸೇರುತ್ತೆ."

ಮಗಳು ಗಲ್ಲಾದಲ್ಲಿ ಕೂತು ಪಳಗಿದವಳು, ಲೆಕ್ಕ ಬೇಗ ತಲೆಗೆ ಹೋಗುತ್ತಿತ್ತು. ಈ ಸಲ ಹೋಗದಿದ್ದರೆ ಚೆನ್ನಾಗಿತ್ತು. ಆವಿ ಹಾಡಿನ ಪಾಲು ಸಾವಿರ ದಾಟಿದವರಿಗೆ ಹೋಗುತ್ತದೆ. ಸಾವಿರ ದಾಟಿದವರಲ್ಲಿ "ಕೋಣೆ"ಯೂ ಇದೆ. ಹಾಡಿದ ಅಮ್ಮನ ತುತ್ತನ್ನು ಸುಮ್ಮನಿದ್ದ ಅಮ್ಮ ತಿಂದಿದ್ದಳು. ಎಲ್ಲೆಲ್ಲಿಯೋ ಗಂಟಲು ಹರಿದುಕೊಂಡು ಹಾಡುವ ಇನ್ನೆಷ್ಟು ಜನರ ತುತ್ತು ಅದರಲ್ಲಿತ್ತೋ!

"ಮಾಮ, ಅಮ್ಮನಿಗೆ ಇದನ್ನ ಹೇಳ್ಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ. ಗೊತ್ತಾದ್ರೆ ಅವಳು ಮತ್ತೆ ಹಾಡಲ್ಲ."

"ನಾನಾ? ನಾನೇ ಊರಿಗೆಲ್ಲ ಸುಮ್ನಿರಿ ಅನ್ನೋನು," ಎಂದ ಉಶ್ಶಪ್ಪ. ಆಡಿದ ಮೇಲೆ ಅವನಿಗೂ ನಗು ಬರಲಿಲ್ಲ.

ಆದರೆ ಬೆಂಕಿಯನ್ನು ಸೆರಗಿನಲ್ಲಿ ಎಷ್ಟು ದಿನ ಕಟ್ಟಿಕೊಳ್ಳಬಹುದು? ಅಮ್ಮ ಮನೆಯಲ್ಲಿ ಬೆಳಗ್ಗೆ ಹಾಡಿದಳು, ಮಧ್ಯಾಹ್ನ ಹಾಡಿದಳು. "ನಿಜ ಹೇಳೇ, ಆವಿ ಹಾಡೇ ತಾನೆ?" ಎಂದು ಪೀಡಿಸಿದಳು. ಮಗಳು "ಹೂಂ" ಎಂದುಬಿಟ್ಟಳು. ಒಂದು ಹೂಂ ಬಾಯಿಂದ ಬಿದ್ದ ಮೇಲೆ ಅದನ್ನು ಮೇಲೆತ್ತುವುದು ಹೇಗೆ? ಅಮ್ಮನ ಹಳೆಯ ಲಾಂಡ್ರಿಯಲ್ಲಿ ಇಸ್ತ್ರಿ ವಿಭಾಗದ ಮೇಲ್ವಿಚಾರಕಿ ನಿವೃತ್ತಳಾಗುವವಳಿದ್ದಳು. ಬೀಳ್ಕೊಡುಗೆಗೆ ಏಳು ಲಕ್ಷದ ಹಾಡು ಹಾಡಬೇಕೆಂದು ಅವರೆಲ್ಲ ಅಮ್ಮನನ್ನು ಕರೆದರು. ಮಗಳು ತಲೆನೋವೆಂದು ನೆಪ ಹೂಡಿ ಅಮ್ಮನನ್ನೂ ಮನೆಯಲ್ಲೇ ಉಳಿಸಲು ನೋಡಿದಳು. "ಔಷಧಿ ಅಂಗಡಿಯೋಳಿಗೆ ತಲೆನೋವಾ? ಒಂದ್ ಮಾತ್ರೆ ನುಂಗಿ ನಡಿ," ಎಂದಳು ಅಮ್ಮ.

ಊಟದ ಹೊತ್ತಿಗೆ ಯಂತ್ರಗಳನ್ನೆಲ್ಲ ನಿಲ್ಲಿಸಿದ್ದರು. ಮಡಿಸಿದ ಬಿಳಿ ಹಾಸುಗಳ ಗುಡ್ಡಗಳ ನಡುವೆ ಐವತ್ತು ಅರವತ್ತು ಜನ ಬೆಂಚುಗಳ ಮೇಲೆ ಕೂತಿದ್ದರು. ಅಮ್ಮ ಹೊಸ ಚಪ್ಪಲಿ ಮೆಟ್ಟಿ, ನೀರು ಕುಡಿದು, ಗಂಟಲು ಸರಿಮಾಡಿಕೊಂಡು ಎದ್ದುನಿಂತಳು. ಅಷ್ಟರಲ್ಲಿ ಮೇಲ್ವಿಚಾರಕಿಯೇ ಎದ್ದಳು. "ತಡಿ ರೇಡಿಯೋ! ಮೊದಲು ಎಲ್ಲರೂ ಫೋನಿಂದೇ ಕೇಳ್ಲಿ, ಏಳು ಲಕ್ಷ ಜನ ಕೇಳಿದ ಹಾಗೆ. ಆಮೇಲೆ ನೀನು ಹಾಡು." ಅಮ್ಮನ ಹೆಸರು ಹುಡುಕಿದಳು, ಹೆಚ್ಚು ಸಲ ಕೇಳಿದ್ದೆಂದು ಎಲ್ಲಕ್ಕಿಂತ ಮೇಲೆ ಬಂದದ್ದನ್ನು ಒತ್ತಿದಳು, ಫೋನನ್ನು ದೊಡ್ಡ ಸ್ಪೀಕರಿಗೆ ಸಿಕ್ಕಿಸಿದಳು.

ಏನೂ ಬರಲಿಲ್ಲ. ಎಲ್ಲರೂ ನಗುಮುಖ ಹೊತ್ತು ಕಾದರು. ಅಮ್ಮನೂ ಕಾದಳು, ತಾಳ ಹಾಕಲೆಂದು ಒಂದು ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು. ಯಾರೋ ತಂತಿ ಅಲುಗಾಡಿಸಿದರು. ಯಾರೋ ಸದ್ದು ಏರಿಸಿದರು. ಸ್ಪೀಕರು ದೊಡ್ಡದಾಗಿ ಉಸಿರುಬಿಟ್ಟಿತು.

ಆಗ ಹಿಂದಿನ ಬೆಂಚಿನಿಂದ ಗುಂಡಿ ಹೊಲಿಯುವ ಮುದುಕಿ ಕೂಗಿದಳು. "ಅಯ್ಯೋ, ಇದು ನಿಂದಾ ರೇಡಿಯೋ? ನನ್ನ ಮೊಮ್ಮಗಳು ನನಗೆ ದಿನಾ ಇದನ್ನೇ ಹಾಕ್ಕೊಡ್ತಾಳಲ್ಲೇ, ನಿದ್ದೆ ಬರ್ಲಿ ಅಂತ! ಇದ್ರಲ್ಲಿ ಹಾಡಿಲ್ಲ ಕಣ್ರೇ, ಏನೂ ಇಲ್ಲ. ಅದಕ್ಕೇ ಚೆನ್ನಾಗಿ ನಿದ್ದೆ ಬರುತ್ತೆ."

ಒಬ್ಬರು ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು, ಪ್ರೀತಿಯಿಂದಲೇ. ಮೇಲ್ವಿಚಾರಕಿ ಗಾಬರಿಯಿಂದ ತಂತಿ ಕಿತ್ತಳು. ಅಮ್ಮ ಮಗಳ ಕಡೆ ನೋಡಿದಳು. ಮಗಳ ಮುಖದಲ್ಲಿ ಎಲ್ಲವೂ ಬರೆದಿತ್ತು. ಅಮ್ಮ ತೊಡೆಯ ಮೇಲಿನ ಕೈ ತೆಗೆದು, "ನನ್ನ ಗಂಟಲು ಇವತ್ತು ಸರಿ ಇಲ್ಲಮ್ಮ" ಎಂದು ಕೂತುಬಿಟ್ಟಳು.

ಮನೆಯ ಬಾಗಿಲು ಹಾಕಿದ ಮೇಲೆ ಮಗಳು ಎಲ್ಲವನ್ನೂ ಹೇಳಿದಳು. ತೇಪೆ, ತಾನು ಎಲ್ಲವನ್ನೂ ಒಟ್ಟಿಗೆ ಒತ್ತಿದ್ದು, ಹಂಡೆ, ಅರ್ಧ ನಿಮಿಷ, ಸಾವಿರ. ಹೇಳುತ್ತ ಹೇಳುತ್ತ ಅವಳಿಗೇ ಅಳು ಬಂತು. ಅಮ್ಮನಿಗೆ ಬರಲಿಲ್ಲ. ಅವಳು ಅಪ್ಪನ ಖಾಲಿ ಮೇಜಿನ ಮುಂದೆ ನಿಂತಿದ್ದಳು.

"ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ. ದರ ಕಟ್ಟಿ ತೋರಿಸಿದಾರೆ ನೋಡು," ಎಂದಳು ಕೊನೆಗೆ. "ನಿಮ್ಮಪ್ಪ ಗೆದ್ರು ಕಣೆ. ಅವರೊಬ್ಬರೇ ಅಂದ್ಕೊಂಡಿದ್ದೆ. ಏಳು ಲಕ್ಷ ಜನ ಅವರ ಕಡೆ ಇದಾರೆ."

"ಹಾಗಲ್ಲಮ್ಮ..."

"ಮತ್ತೆ ಹೇಗೆ?"



ಮರುದಿನ ಅಮ್ಮ ಹಾಡಲಿಲ್ಲ. ಅದರ ಮರುದಿನವೂ ಇಲ್ಲ. ಪಾತ್ರೆಗಳನ್ನು ಒಂದಕ್ಕೊಂದು ತಾಕದಂತೆ ಇಡತೊಡಗಿದಳು. ಬಾಗಿಲನ್ನು ಅಂಗೈ ಕೊಟ್ಟು ಮೆಲ್ಲಗೆ ಮುಚ್ಚಿದಳು. ಮಗಳಿಗೆ ಇದೆಲ್ಲ ಗೊತ್ತಿತ್ತು, ಅವಳು ಬೆಳೆದದ್ದೇ ಈ ಸದ್ದಿಲ್ಲದ ಮನೆಯಲ್ಲಿ. ಅಂಗಡಿಯಲ್ಲಿ ಒಬ್ಬರ ಔಷಧಿ ಇನ್ನೊಬ್ಬರಿಗೆ ಕೊಡಲು ಹೋಗಿ ಮಾಲೀಕರಿಂದ ಬೈಸಿಕೊಂಡಳು.

ವಾರದ ರಜೆಯ ದಿನ ಬೆಳಗ್ಗೆ ಅವಳು ಗಟ್ಟಿ ಮನಸ್ಸು ಮಾಡಿ ಅಮ್ಮನ ಎದುರು ಕೂತಳು. "ಅದನ್ನ ತೆಗೆದುಬಿಡ್ತೀನಿ. ಒಂದು ಒತ್ತು ಒತ್ತಿದ್ರೆ ಹೋಗುತ್ತೆ."

"ದುಡ್ಡು ಬರ್ತಿರೋದು ಅದ್ರಿಂದ್ಲೇ ಅಂದೆ."

"ಹಾಳಾಗಿ ಹೋಗ್ಲಿ ದುಡ್ಡು."

ಅಮ್ಮ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ತೆಗಿ. ಆದ್ರೆ ತಡಿ. ಅಷ್ಟು ಜನ ಅದ್ರಲ್ಲಿ ಏನ್ ಕೇಳಿದ್ರೋ ನಾನೂ ಒಂದ್ಸಲ ಕೇಳ್ತೀನಿ. ಪೂರ್ತಿ ಹಾಕು."

ಇಬ್ಬರೂ ತಲೆಗೆ ತಲೆ ತಾಗಿಸಿ ಫೋನಿನ ಮೇಲೆ ಬಾಗಿದರು. ಮೊದಲು ಸುಯ್ಲು. ಆಮೇಲೆ ಬಟ್ಟೆ ಸರಿದದ್ದು. "ಇದು ನನ್ನ ಮೂಗು," ಎಂದಳು ಅಮ್ಮ ಪಿಸುದನಿಯಲ್ಲಿ, "ಅವತ್ತು ನೆಗಡಿ ಇತ್ತು." ಅರ್ಧ ನಿಮಿಷವಾಯಿತು, ಎಲ್ಲಿಯೋ ಕಂಪನಿಯ ಲೆಕ್ಕದಲ್ಲಿ ಒಂದು ಏರಿರಬೇಕು. ಇಲ್ಲಿಂದ ಮುಂದೆ ಮಗಳು ಕೇಳಿರಲಿಲ್ಲ. ಉಸಿರು ಹೋಗಿ ಬಂದು ಮಾಡಿತು, ಒಂದು ನಿಮಿಷ, ಎರಡು. ಕುರ್ಚಿ ಸಣ್ಣಗೆ ಕಿರ್ ಎಂದಿತು. ಇನ್ನೇನು ಮುಗಿಯಿತು ಎನ್ನುವಾಗ ಫೋನಿನೊಳಗಿಂದ ಅಮ್ಮನ ದನಿ ಬಂತು. ಮೆತ್ತಗೆ, ಅಂಜಿಕೊಂಡು, ಪರವಾನಗಿ ಬೇಡುವ ದನಿ.

"ಈಗ ಹಾಡ್ಲಾ?"

ಅಲ್ಲಿಗೆ ನಿಂತಿತು. ಮೌನ ಕೆಟ್ಟಿತೆಂದು ಉಶ್ಶಪ್ಪ ಆ ಕ್ಷಣವೇ ಯಂತ್ರ ನಿಲ್ಲಿಸಿದ್ದ.

ಯಾರೋ ಹೆಗಲು ಮುಟ್ಟಿ ಕರೆದ ಹಾಗೆ ಅಮ್ಮ ಹಿಂದೆ ಸರಿದಳು. "ನಾನೇ ಅಲ್ವೇನೇ ಅದು?" ಎಂದಳು. ಆಮೇಲೆ ಎದೆಯ ಮೇಲೆ ಕೈಯಿಟ್ಟು, "ಏಳು ಲಕ್ಷ ಸಲ ಕೇಳಿದೀನಲ್ಲೇ, ಹಾಡ್ಲಾ ಅಂತ! ಒಬ್ರೂ ಹೂಂ ಅನ್ಲಿಲ್ವಾ?"

"ಅಷ್ಟೊತ್ತಿಗೆ ಅವರಿಗೆಲ್ಲ ನಿದ್ದೆ ಬಂದಿರುತ್ತಮ್ಮ."

"ನಿನಗೇನ್ ಬಂದಿತ್ತು?"

ಮಗಳು ತಲೆ ತಗ್ಗಿಸಿದಳು. ಅವಳೂ ಅರ್ಧ ನಿಮಿಷಕ್ಕೇ ಅದನ್ನು ಆರಿಸಿದ್ದಳು.

"ಇನ್ನೊಂದ್ಸಲ ಹಾಕು," ಎಂದಳು ಅಮ್ಮ.

ಮಗಳು ಹಾಕಿದಳು. ಈ ಸಲ ಅಮ್ಮ ಬಾಗಲಿಲ್ಲ, ಸೊಂಟದ ಮೇಲೆ ಕೈಯಿಟ್ಟು ನಿಂತೇ ಕೇಳಿದಳು. ಸುಯ್ಲು, ಬಟ್ಟೆ, ಕುರ್ಚಿ. "ಈಗ ಹಾಡ್ಲಾ?" ಎಂದಿತು ಫೋನು.

"ಲೇ ಮಂಕೇ!" ಅಮ್ಮ ಫೋನನ್ನೇ ಗದರಿದಳು. ಮಗಳು ಬೆಚ್ಚಿಬಿದ್ದಳು, ಅಮ್ಮ ಅಷ್ಟು ಜೋರಾಗಿ ಕೂಗಿದ್ದನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. "ಅದನ್ನೂ ಇನ್ನೊಬ್ರನ್ನ ಕೇಳ್ತಾರೇನೇ? ಹಾಡೇ!"

ಅಂದವಳೇ ಆವಿ ಹಾಡನ್ನು ಎತ್ತಿಕೊಂಡಳು. ದಿನಗಟ್ಟಲೆ ಮುಚ್ಚಿದ್ದ ಗಂಟಲು, ಮೊದಲ ಸಾಲೇ ಒಡೆಯಿತು. ಕೆಮ್ಮಿದಳು. ಎರಡನೆಯ ಸಾಲಿಗೆ ಶ್ರುತಿ ಎಲ್ಲೋ ಹೋಯಿತು. ಅವಳು ಅದರ ಬೆನ್ನು ಹತ್ತಿ ಹಾಡುತ್ತಲೇ ಹೋದಳು, ಇನ್ನೂ ಜೋರಾಗಿ. ಪಕ್ಕದ ಮನೆಯವರು ಗೋಡೆ ಬಡಿದರು. ಅಮ್ಮ ಆ ಗೋಡೆಯ ಕಡೆಗೇ ತಿರುಗಿ ಮೂರನೆಯ ಸಾಲು ಹಾಡಿದಳು.